ಜಪಾನಿನ ಜುಜುತ್ಸು ನಿಜಕ್ಕೂ ಕೆಲಸಕ್ಕೆ ಬರುತ್ತಾ? ಜೂಡೋ, ಬಿಜೆಜೆಗೂ ಇದಕ್ಕೂ ಏನು ವ್ಯತ್ಯಾಸ?

ನಿಮ್ಮ ಪ್ರಶ್ನೆ ಓದಿದೆ. ಮಗಳನ್ನು ಕರಾಟೆ ಕ್ಲಾಸಿಗೆ ಬಿಡಲು ಹೋದಾಗ ಅದೇ ಕಟ್ಟಡದಲ್ಲಿ 'ಜಪಾನೀಸ್ ಜುಜುತ್ಸು' ಅನ್ನೋ ಬೋರ್ಡ್ ಕಂಡಿತು, ನಿಮಗೆ ಈಗ 36 ವರ್ಷ, ಸೇರಬಹುದಾ ಅಂತ ಕೇಳಿದ್ದೀರಿ. ಜೂಡೋ, ಬ್ರೆಜಿಲಿಯನ್ ಜಿಯು-ಜಿತ್ಸು (ಬಿಜೆಜೆ), ಐಕಿಡೋ ಇವುಗಳಿಗಿಂತ ಇದು ಹೇಗೆ ಬೇರೆ, ಯಾರಾದರೂ ಮೈಮೇಲೆ ಏರಿಬಂದರೆ ಉಪಯೋಗಕ್ಕೆ ಬರುತ್ತಾ ಅಂತಲೂ ಕೇಳಿದ್ದೀರಿ.

ನಾನು ಮೈಸೂರಿನವನು. ಕೆಲಸದ ಮೇಲೆ ಏಳು ವರ್ಷ ಓಸಾಕಾದಲ್ಲಿದ್ದೆ. ಅಲ್ಲಿ ಮೊದಲ ನಾಲ್ಕು ವರ್ಷ ಹಳೆಯ ಪದ್ಧತಿಯ ಜುಜುತ್ಸು ಕಲಿತೆ, ಆಮೇಲೆ ಮೂರು ವರ್ಷ ಜೂಡೋ. ಎರಡೂ ನನಗೆ ತುಂಬ ಪ್ರೀತಿಯವು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ಕಲೆಗಳಲ್ಲಿ ಪಟ್ಟುಗಳು ಬಹಳ ಮಟ್ಟಿಗೆ ಒಂದೇ. ಮೊಣಕೈ ಮುರಿಯುವಂತೆ ಹಿಡಿಯುವ ಪಟ್ಟು ಜುಜುತ್ಸುವಿನಲ್ಲೂ ಇದೆ, ಜೂಡೋದಲ್ಲೂ ಇದೆ, ಬಿಜೆಜೆಯಲ್ಲೂ ಇದೆ. ಬೇರೆಯಾಗಿರುವುದು ಅಭ್ಯಾಸ ಮಾಡುವ ರೀತಿ. ಎದುರಿಗಿರುವವನು ನಿಮ್ಮ ಜೊತೆ ಸಹಕರಿಸುತ್ತಾನಾ ಇಲ್ಲವಾ, ನೀವು ಎಷ್ಟು ಬಲ ಹಾಕಬಹುದು, ಯಾವುದನ್ನು ಮಾಡಲೇಬಾರದು, ಇವೇ ಒಂದೊಂದು ಕಲೆಯನ್ನು ಒಂದೊಂದು ದಾರಿಗೆ ಕೊಂಡೊಯ್ದಿವೆ.

ಜುಜುತ್ಸು ಅಂದರೆ ಒಂದೇ ಕಲೆ ಅಲ್ಲ. ಜಪಾನಿನ ಎಷ್ಟೋ ಗುರುಮನೆತನಗಳ ಪದ್ಧತಿಗಳಿಗೆ ಒಟ್ಟಾಗಿ ಇಟ್ಟ ಹೆಸರು ಅದು. ಒಂದೊಂದು ಪದ್ಧತಿಗೂ 'ರ್ಯೂ' ಅನ್ನುತ್ತಾರೆ. ಅವುಗಳಲ್ಲಿ ತುಂಬ ಹಳೆಯದು ಅಂತ ಹೆಸರಾಗಿರುವುದು ತಕೆನೊಉಚಿ ರ್ಯೂ. ಈಗಿನ ಒಕಾಯಾಮ ಕಡೆ 1532ರಲ್ಲಿ ಶುರುವಾದದ್ದು, ಇವತ್ತಿಗೂ ನಡೆಯುತ್ತಿದೆ. ಅದು ಯುದ್ಧಗಳ ಕಾಲ. ಸಮುರಾಯ್‌ಗಳು ಕಲಿಯುತ್ತಿದ್ದದ್ದು ಕತ್ತಿ, ಈಟಿ, ಬಿಲ್ಲು. ತೀರಾ ಹತ್ತಿರ ಬಂದು ಕತ್ತಿ ಬೀಸಲು ಜಾಗವೇ ಇಲ್ಲದಾಗ ಶತ್ರುವನ್ನು ಕೆಡವಿ, ಅದುಮಿ, ಚಿಕ್ಕ ಕತ್ತಿಯಿಂದ ಕೆಲಸ ಮುಗಿಸಬೇಕು. ಅದಕ್ಕಾಗಿ ಹುಟ್ಟಿದ್ದು ಈ ವಿದ್ಯೆ. ಹಾಗಾಗಿ 'ಬರಿಗೈ ಕಾಳಗ' ಅನ್ನೋ ಹೆಸರು ಇದಕ್ಕೆ ಅಷ್ಟು ಸರಿಹೋಗುವುದಿಲ್ಲ.

ಇದು ನನಗೆ ಅರ್ಥವಾದದ್ದು ಮೊದಲ ವಾರ. ಇಬ್ಬರೂ ತತಾಮಿ ಚಾಪೆಯ ಮೇಲೆ ಮಂಡಿಯೂರಿ ಎದುರುಬದುರು ಕೂರಬೇಕು. ಎದುರಿನವನು ಎರಡೂ ಕೈಯಿಂದ ನನ್ನ ಬಲ ಮಣಿಕಟ್ಟು ಹಿಡಿಯುತ್ತಾನೆ. ನಾನು ಬಿಡಿಸಿಕೊಂಡು ಅವನನ್ನು ಕೆಡವಬೇಕು. ಯಾರಾದರೂ ಜಗಳದಲ್ಲಿ ಹೀಗೆ ಮಣಿಕಟ್ಟು ಹಿಡಿಯುತ್ತಾರಾ ಅಂತ ನನಗೆ ಅನುಮಾನ. ಕೇಳಿಯೇಬಿಟ್ಟೆ. ಸೆನ್ಸೇ, ಅಂದರೆ ನಮ್ಮ ಗುರು, ಉತ್ತರ ಕೊಡಲಿಲ್ಲ. ಗೋಡೆಯ ಹತ್ತಿರ ಹೋಗಿ ಮರದ ಚಿಕ್ಕ ಕತ್ತಿ ತಂದು ನನ್ನ ಸೊಂಟಕ್ಕೆ ಸಿಕ್ಕಿಸಿದರು. ಈಗ ಮಾಡು ಅಂದರು. ನನ್ನ ಬಲಗೈ ತಾನಾಗಿ ಹಿಡಿಕೆಯ ಕಡೆ ಹೋಯಿತು. ಎದುರಿನವನು ಗಬಕ್ಕನೆ ಮಣಿಕಟ್ಟು ಹಿಡಿದ. ಹಿಡಿಯದಿದ್ದರೆ ಅವನ ಕಥೆ ಮುಗಿಯಿತಲ್ಲ! ಅವನು ಹಿಡಿದದ್ದು ನನ್ನ ಕೈಯನ್ನಲ್ಲ, ನಾನು ಎಳೆಯಲಿದ್ದ ಕತ್ತಿಯನ್ನು. ಐಕಿಡೋದಲ್ಲಿ ಇಷ್ಟೊಂದು ಮಣಿಕಟ್ಟಿನ ಪಟ್ಟು ಯಾಕಿವೆ ಅಂತ ಜನ ಆಡಿಕೊಳ್ಳುತ್ತಾರೆ. ಕಾರಣ ಈ ಕತ್ತಿ. ಕತ್ತಿ ಸೊಂಟದಿಂದ ಹೋಯಿತು, ಹಿಡಿತ ಉಳಿಯಿತು.

ನಮ್ಮ ಕಡೆ ಇದಕ್ಕೆ ತೀರಾ ಹತ್ತಿರದ್ದು ಅಂದರೆ ಮೈಸೂರು ಅರಮನೆಯಲ್ಲಿ ವಿಜಯದಶಮಿಯ ದಿನ ನಡೆಯುವ ವಜ್ರಮುಷ್ಟಿ ಕಾಳಗ. ಅಲ್ಲೂ ಜಟ್ಟಿಗಳ ಕೈಯಲ್ಲಿ ಆಯುಧ ಇರುತ್ತದೆ. ಹಿಡಿತ, ಎಸೆತ, ಹೊಡೆತ ಒಂದರೊಳಗೊಂದು ಬೆರೆತಿರುತ್ತವೆ. ಗರಡಿ ಮನೆಯ ಕುಸ್ತಿ ಹಾಗಲ್ಲ. ಅಲ್ಲಿ ಹೊಡೆಯುವ ಹಾಗಿಲ್ಲ, ಆದರೆ ದಿನಾ ಜೋಡಿಯ ಜೊತೆ ಪೂರ್ತಿ ಬಲ ಹಾಕಿ ಆಡಬಹುದು. ಈ ಎರಡರ ನಡುವಿನ ವ್ಯತ್ಯಾಸ ಗೊತ್ತಿದ್ದವರಿಗೆ ಜುಜುತ್ಸು ಮತ್ತು ಜೂಡೋ ನಡುವಿನ ವ್ಯತ್ಯಾಸ ಅರ್ಧ ಅರ್ಥವಾದ ಹಾಗೆ.

1600ರ ನಂತರ ಜಪಾನಿನಲ್ಲಿ ಯುದ್ಧಗಳು ಮುಗಿದವು. ಇನ್ನೂರೈವತ್ತು ವರ್ಷಕ್ಕೂ ಜಾಸ್ತಿ ಶಾಂತಿ. ಆಗ ವಿದ್ಯೆಯನ್ನು ಕಾಪಾಡಿದ್ದು 'ಕತಾ'. ಇಬ್ಬರು ಮೊದಲೇ ಗೊತ್ತಿರುವ ಕ್ರಮದಲ್ಲಿ ಮಾಡುವ ಅಭ್ಯಾಸ ಅದು. ಒಬ್ಬ ಹೀಗೆ ಬರುತ್ತಾನೆ, ಇನ್ನೊಬ್ಬ ಹೀಗೆ ತಪ್ಪಿಸಿ ಹೀಗೆ ಕೆಡವುತ್ತಾನೆ. ಕಣ್ಣಿಗೆ ಚುಚ್ಚುವುದು, ಗಂಟಲಿಗೆ ಹೊಡೆಯುವುದು, ಬೀಳುವಾಗಲೇ ಕೈ ಮುರಿಯುವುದು ಎಲ್ಲ ಅದರಲ್ಲಿವೆ. ಇವನ್ನೆಲ್ಲ ನಿಜವಾಗಿ ಮಾಡಿದರೆ ನಾಳೆ ಅಭ್ಯಾಸಕ್ಕೆ ಜೊತೆಗಾರನೇ ಇರುವುದಿಲ್ಲ. ಅದಕ್ಕೇ ಕ್ರಮ ಕಟ್ಟಿಟ್ಟರು.

ಆಮೇಲೆ ಮೇಜಿ ಚಕ್ರವರ್ತಿಯ ಕಾಲ ಬಂತು. 1876ರಲ್ಲಿ ಸರ್ಕಾರ ಸಮುರಾಯ್‌ಗಳು ಸಾರ್ವಜನಿಕವಾಗಿ ಕತ್ತಿ ಧರಿಸುವುದನ್ನೇ ನಿಷೇಧಿಸಿತು. ಎಲ್ಲರಿಗೂ ಪಶ್ಚಿಮದ ಹುಚ್ಚು. ಜುಜುತ್ಸು ಗುರುಗಳಿಗೆ ಶಿಷ್ಯರಿಲ್ಲ. ಅನೇಕರು ಮೂಳೆ ಕಟ್ಟಿ ಹೊಟ್ಟೆ ಹೊರೆಯುತ್ತಿದ್ದರು. ಕೀಲು ತಪ್ಪಿಸಲು ಬಲ್ಲವನಿಗೆ ಕೂರಿಸಲೂ ಗೊತ್ತಿರುತ್ತದೆ, ಅಲ್ವಾ? ನಮ್ಮ ಜಟ್ಟಿಗಳೂ ಮೂಳೆ ಕಟ್ಟುವುದರಲ್ಲಿ ಹೆಸರುವಾಸಿ. ಇವತ್ತಿಗೂ ಜಪಾನಿನ ಊರುಗಳಲ್ಲಿ ಮೂಳೆ ಕಟ್ಟುವವರ ಬೋರ್ಡ್‌ಗಳು ಬೇಕಾದಷ್ಟು ಕಾಣುತ್ತವೆ, ಅವರ ಸರ್ಕಾರಿ ಲೈಸೆನ್ಸಿನ ಹೆಸರಿನಲ್ಲೇ 'ಜೂಡೋ' ಅನ್ನೋ ಪದ ಇದೆ.

ಅದೇ ಸಮಯದಲ್ಲಿ ಟೋಕಿಯೋದಲ್ಲಿ ಕಾನೋ ಜಿಗೊರೊ ಅನ್ನೋ ಹುಡುಗ ಇದ್ದರು. ಹುಟ್ಟಿದ್ದು 1860. ಕುಳ್ಳ, ಸಣಕಲು ಮೈ. ಶಾಲೆಯಲ್ಲಿ ದೊಡ್ಡ ಹುಡುಗರ ಕಾಟ. ಜುಜುತ್ಸು ಕಲಿಯಬೇಕು ಅಂತ ಹಟ ಹಿಡಿದು, ಮೂಳೆ ಕಟ್ಟುವವರ ಅಂಗಡಿಗಳಿಗೆ ಹೋಗಿ ನಿಮಗೆ ಜುಜುತ್ಸು ಗೊತ್ತಾ ಅಂತ ವಿಚಾರಿಸುತ್ತಿದ್ದರು. ಹಾಗೆ ಸಿಕ್ಕಿದ್ದು ಫುಕುದಾ ಹಾಚಿನೊಸುಕೆ, ತೆಂಜಿನ್ ಶಿನ್ಯೋ ರ್ಯೂ ಗುರು. ಒಂದು ದಿನ ಕಾನೋ, ಈ ಎಸೆತದಲ್ಲಿ ಕೈ ಎಲ್ಲಿರಬೇಕು, ಕಾಲು ಎಲ್ಲಿರಬೇಕು ಅಂತ ಕೇಳಿದರಂತೆ. ಗುರು ವಿವರಿಸಲಿಲ್ಲ. ಬಾ ಅಂತ ಕರೆದು ಎಸೆದರು. ಎದ್ದು ಮತ್ತೆ ಕೇಳಿದರೆ ಮತ್ತೆ ಎಸೆದರು. ಎಷ್ಟು ಸಲ ಮಾಡುತ್ತೀಯೋ ಅಷ್ಟು ಬರುತ್ತದೆ ಅನ್ನೋದೇ ಅವರ ಪಾಠ. ಕಾನೋ ಹೊಡೆತ ತಿಂದರು, ಆದರೆ ಕೇಳುವುದನ್ನು ಬಿಡಲಿಲ್ಲ. ಆಮೇಲೆ ಕಿತೋ ರ್ಯೂ ಕೂಡ ಕಲಿತರು.

1882ರಲ್ಲಿ ಎಯ್ಶೋಜಿ ಅನ್ನೋ ಬೌದ್ಧ ದೇವಾಲಯದಲ್ಲಿ 12 ತತಾಮಿ ಹಾಸಿ ಕೋದೋಕಾನ್ ಅನ್ನೋ ತಮ್ಮ ಜೂಡೋ ಶಾಲೆ ಶುರು ಮಾಡಿದರು. 12 ತತಾಮಿ ಅಂದರೆ ನಮ್ಮ ಮನೆಗಳ ಒಂದು ಹಾಲ್‌ನಷ್ಟು ಜಾಗ. ಜಗತ್ತಿನ ಜೂಡೋ ಎಲ್ಲ ಅಲ್ಲಿಂದ ಬಂದದ್ದು.

ಅವರು ಮಾಡಿದ್ದೇನು? ಇಬ್ಬರೂ ಮುಕ್ತವಾಗಿ ಪೂರ್ತಿ ಬಲ ಹಾಕಿ ಆಡುವ ಅಭ್ಯಾಸಕ್ಕೆ 'ರಂದೋರಿ' ಅನ್ನುತ್ತಾರೆ. ಅದು ಕಾನೋ ಕಲಿತ ಪದ್ಧತಿಗಳಲ್ಲೂ ಇತ್ತು. ಅವರು ಅದನ್ನು ತಂದು ಕಲಿಕೆಯ ನಡುಮಧ್ಯೆ ಇಟ್ಟರು. ಅದಕ್ಕಾಗಿ ಅಪಾಯದ ಪಟ್ಟುಗಳನ್ನು ರಂದೋರಿಯಿಂದ ಹೊರಗಿಟ್ಟರು. ಹೊಡೆತಗಳು ಕತಾದಲ್ಲಿ ಮಾತ್ರ ಉಳಿದವು. ಇವತ್ತಿನ ಜೂಡೋ ಸ್ಪರ್ಧೆಯಲ್ಲಿ ತಿರುಚಬಹುದಾದ ಕೀಲು ಮೊಣಕೈ ಒಂದೇ. ಕಡಿಮೆ ಪಟ್ಟು, ಆದರೆ ನಿಜವಾಗಿ ತಡೆಯುವವನ ಮೇಲೆ ಸಾವಿರಾರು ಸಲ.

'ಜು' ಅಂದರೆ ಮೆತ್ತಗಿರುವುದು, ಬಗ್ಗುವುದು. ಕಾನೋ ಅದನ್ನು ಲೆಕ್ಕದಲ್ಲಿ ಹೇಳುತ್ತಿದ್ದರು. ಎದುರಿನವನ ಬಲ 10, ನಿಮ್ಮದು 7 ಅಂದುಕೊಳ್ಳಿ. ಅವನು ತಳ್ಳಿದಾಗ ನೀವೂ ತಳ್ಳಿದರೆ ಸೋಲುತ್ತೀರಿ. ತಳ್ಳಿದಷ್ಟೇ ಹಿಂದೆ ಸರಿದರೆ ಅವನು ಮುಂದಕ್ಕೆ ವಾಲುತ್ತಾನೆ. ಆ ಕ್ಷಣದಲ್ಲಿ ಅವನ ಬಲ 3ಕ್ಕೆ ಇಳಿದಿರುತ್ತದೆ. ನಿಮ್ಮ 7 ಹಾಗೇ ಇದೆ. ಮೇಷ್ಟ್ರ ಥರ ಲೆಕ್ಕ ಬಿಡಿಸಿದ್ದಾರೆ, ನಿಜವಾಗಿಯೂ ಮೇಷ್ಟ್ರೇ ಅವರು.

ಈಗ ನನ್ನ ಅನುಭವ. ನಾಲ್ಕು ವರ್ಷ ಜುಜುತ್ಸು ಮಾಡಿ ಜೂಡೋ ಕ್ಲಬ್ಬಿಗೆ ಹೋದೆ. ಎದುರಿಗೆ ಕಾಲೇಜು ಹುಡುಗ, ನನಗಿಂತ ಹಗುರ. ನನ್ನ ಕೊರಳಪಟ್ಟಿ ಹಿಡಿದ. ನನಗೆ ಆ ಹಿಡಿತ ಬಿಡಿಸುವ ಕತಾ ಐದಾರು ಗೊತ್ತಿತ್ತು. ಒಂದೂ ಆಗಲಿಲ್ಲ. ಅವನು ಒಂದೆಡೆ ನಿಲ್ಲುತ್ತಲೇ ಇರಲಿಲ್ಲ. ಎಳೆದ, ಬಿಟ್ಟ, ಪಕ್ಕಕ್ಕೆ ತಿರುಗಿಸಿದ. ನಾನು ಬಲಗಾಲು ಇಡುತ್ತಿದ್ದೆ, ಇನ್ನೂ ಭಾರ ಪೂರ್ತಿ ಬಿದ್ದಿರಲಿಲ್ಲ, ಅಷ್ಟರಲ್ಲಿ ಅವನ ಅಂಗಾಲು ಬಂದು ನನ್ನ ಪಾದವನ್ನು ಗುಡಿಸಿದ ಹಾಗೆ ಸರಿಸಿತು. ಚಾಪೆಯ ಮೇಲೆ ಬೆನ್ನು ಬಿದ್ದ ಸದ್ದು ಕೇಳಿದ ಮೇಲೇ ಬಿದ್ದೆ ಅಂತ ಗೊತ್ತಾದದ್ದು. ಕುಸ್ತಿಯಲ್ಲಾಗಿದ್ದರೆ ಚಿತ್!

ಆ ರಾತ್ರಿ ನಾಲ್ಕು ವರ್ಷ ದಂಡವಾಯಿತಾ ಅಂತ ತುಂಬ ಬೇಜಾರಾಯಿತು. ಆದರೆ ಎರಡು ವರ್ಷದ ನಂತರ ಜುಜುತ್ಸು ಕಲಿತ ಹಳೆಯ ದೋಜೋಗೆ (ಅಭ್ಯಾಸದ ಮನೆಗೆ) ಮತ್ತೆ ಹೋದೆ. ಒಂದು ಕತಾದಲ್ಲಿ ಸೆನ್ಸೇ ಯಾವಾಗಲೂ ಎಡಗಾಲನ್ನು ಚಾಪೆಗೆ ಸವರಿಕೊಂಡು ಅರ್ಧ ಹೆಜ್ಜೆ ಒಳಗೆ ತರುತ್ತಿದ್ದರು. ನಾನು ಅದನ್ನು ಸುಮ್ನೆ ಒಂದು ಶೈಲಿ ಅಂದುಕೊಂಡು ನಕಲು ಮಾಡುತ್ತಿದ್ದೆ. ಈಗ ನೋಡಿದರೆ ಅದೇ ಆ ಹುಡುಗನ ಕಾಲು. ಎದುರಿನವನ ಭಾರ ಪಾದಕ್ಕೆ ಇಳಿಯುವ ಅದೇ ಗಳಿಗೆ. ಪದ್ಧತಿ ಅದನ್ನು ನೂರಾರು ವರ್ಷ ಜೋಪಾನವಾಗಿ ಇಟ್ಟುಕೊಂಡು ಬಂದಿತ್ತು. ಅದನ್ನು ಓದುವ ಕಣ್ಣು ಕೊಟ್ಟದ್ದು ಮಾತ್ರ ರಂದೋರಿ.

ಬಿಜೆಜೆಗೆ ಬರೋಣ. ಹೆಸರು ನೋಡಿ ಅದು ಹಳೆಯ ಜುಜುತ್ಸುವಿನ ನೇರ ಮಗು ಅಂದುಕೊಳ್ಳುತ್ತಾರೆ. ಹಾಗಲ್ಲ. ಕೋದೋಕಾನ್‌ನ ಮಯೆದಾ ಮಿತ್ಸುಯೊ 1914ರಲ್ಲಿ ಬ್ರೆಜಿಲ್ ತಲುಪಿದರು. ಬೆಲೆಂ ಊರಿನಲ್ಲಿ ಕಾರ್ಲೋಸ್ ಗ್ರೇಸಿಗೆ ಕಲಿಸಿದರು. ಆ ಕಾಲದಲ್ಲಿ ಹೊರದೇಶಗಳಲ್ಲಿ ಜೂಡೋವನ್ನೂ 'ಜಿಯು-ಜಿತ್ಸು' ಅಂತಲೇ ಕರೆಯುತ್ತಿದ್ದರು, ಹೆಸರು ಹಾಗೇ ಉಳಿಯಿತು. ಗ್ರೇಸಿ ಕುಟುಂಬ ನೆಲದ ಮೇಲಿನ ಕಾದಾಟವನ್ನು ಹಿಡಿದು ಬೆಳೆಸಿತು. 1951ರಲ್ಲಿ ಜಪಾನಿನ ಜೂಡೋ ಪಟು ಕಿಮುರಾ ಮಸಾಹಿಕೊ, ಎಲಿಯೊ ಗ್ರೇಸಿಯನ್ನು ರಿಯೊದಲ್ಲಿ ಒಂದು ತೋಳಿನ ಪಟ್ಟಿನಿಂದ ಸೋಲಿಸಿದರು. ಸೋತವರು ಆ ಪಟ್ಟಿಗೆ ಗೆದ್ದವನ ಹೆಸರನ್ನೇ ಇಟ್ಟರು, ಇವತ್ತಿಗೂ ಬಿಜೆಜೆಯಲ್ಲಿ ಅದು 'ಕಿಮುರಾ'. ಇದು ನನಗೆ ತುಂಬ ಇಷ್ಟವಾದ ಸಂಗತಿ. ಬೇರೆ ಬೇರೆ ಕಲೆಯವರು ಒಬ್ಬರೊಡನೊಬ್ಬರು ಕಾದಾಡುವ ಯುಎಫ್‌ಸಿ ಸ್ಪರ್ಧೆಯ 1993ರ ಮೊದಲ ಆವೃತ್ತಿಯಲ್ಲಿ ರಾಯ್ಸ್ ಗ್ರೇಸಿ ಗೆದ್ದ ಮೇಲೆ ಲೋಕಕ್ಕೆಲ್ಲ ಗೊತ್ತಾಯಿತು.

ಐಕಿಡೋ ಹುಟ್ಟಿದ್ದು ದೈತೋ ರ್ಯೂ ಅನ್ನೋ ಜುಜುತ್ಸುವಿನಿಂದ. ಉಯೆಶಿಬಾ ಮೊರಿಹೆಯ್ ಅದನ್ನು ತಕೆದಾ ಸೊಕಾಕು ಹತ್ತಿರ ಕಲಿತು ಬೇರೆ ದಾರಿಗೆ ತಿರುಗಿಸಿದರು. ಅದರ ಮುಖ್ಯ ಸಂಸ್ಥೆಗಳಲ್ಲಿ ಸ್ಪರ್ಧೆ ಇಲ್ಲ. ಕರಾಟೆ ಒಕಿನಾವಾದಿಂದ ಬಂದದ್ದು, ಹೊಡೆತ ಒದೆತ ಅದರ ಜೀವ. ನಿಮ್ಮ ಮಗಳು ಹಾಕುವ ಬಿಳಿ ಬಟ್ಟೆ, ಕಟ್ಟುವ ಬೆಲ್ಟು ಮಾತ್ರ ಜೂಡೋದಿಂದ ಎರವಲು.

ಇನ್ನು ನಿಮ್ಮ ನೇರ ಪ್ರಶ್ನೆ. ಯಾರಾದರೂ ಮೈಮೇಲೆ ಏರಿಬಂದರೆ ಏನು ಉಪಯೋಗ? ಬರೀ ಕತಾ ಮಾಡಿದವರಿಗಿಂತ, ಒಂದೆರಡು ವರ್ಷ ಜೂಡೋ ಅಥವಾ ಬಿಜೆಜೆ ಮಾಡಿದವರು ಚೆನ್ನಾಗಿ ನಿಭಾಯಿಸುತ್ತಾರೆ. ಜುಜುತ್ಸು ಎಷ್ಟು ಪ್ರೀತಿಸಿದರೂ ಇದನ್ನು ಮುಚ್ಚಿಡಲಾರೆ. ಎದುರಿನವನ ಕೈಯಲ್ಲಿ ಚಾಕು ಇದ್ದರೆ ಯಾವ ಕಲೆಯನ್ನೂ ನಂಬಬೇಡಿ, ಓಡಿ. ಚಾಕು, ಕತ್ತಿಯ ಜೊತೆಗೇ ಬೆಳೆದ ವಿದ್ಯೆ ಕಲಿತ ಮೇಲೇ ನನಗೆ ಚಾಕುವಿನ ಭಯ ಜಾಸ್ತಿಯಾದದ್ದು. ಮರದ ಚಾಕು ಹಿಡಿದ ಜೊತೆಗಾರ ಕ್ರಮ ಬಿಟ್ಟು ಇಷ್ಟ ಬಂದಂತೆ ಚುಚ್ಚಿದಾಗ ಎಷ್ಟು ಸಲ ತಾಗುತ್ತದೆ ಅಂತ ಒಮ್ಮೆ ಎಣಿಸಿ ನೋಡಿ.

ಆ ಬೋರ್ಡ್ ಬಗ್ಗೆ. ಹಳೆಯ ರ್ಯೂಗಳಲ್ಲಿ ಬಣ್ಣಬಣ್ಣದ ಬೆಲ್ಟ್ ಇಲ್ಲ, ಗುರು ಕೊಡುವ ಸುರುಳಿ ಪತ್ರ ಇರುತ್ತದೆ. ನಮ್ಮ ಕಡೆಯ ಕ್ಲಾಸುಗಳು ಸಾಮಾನ್ಯವಾಗಿ ಜೂಡೋ, ಕರಾಟೆ, ಐಕಿಡೋ ಸೇರಿಸಿ ಕಟ್ಟಿದ ಹೊಸ ಜುಜುತ್ಸು. ಅದರಲ್ಲಿ ತಪ್ಪೇನಿಲ್ಲ, ಹಾಗಂತ ನೇರವಾಗಿ ಹೇಳಿದರೆ ಸಾಕು. ಗುರುಗಳು ಯಾರ ಹತ್ತಿರ ಕಲಿತರು ಅಂತ ಕೇಳಿ, ಒಳ್ಳೆಯವರು ಖುಷಿಯಿಂದ ಹೇಳುತ್ತಾರೆ. ಒಂದು ಸಂಜೆ ಪೂರ್ತಿ ಕೂತು ನೋಡಿ. ಕ್ಲಾಸಿನಲ್ಲಿ ಸ್ವಲ್ಪ ಹೊತ್ತಾದರೂ ಶಿಷ್ಯರು ಒಬ್ಬರನ್ನೊಬ್ಬರು ನಿಜವಾಗಿ ತಡೆಯುತ್ತಾರಾ? ಹಿರಿಯ ಶಿಷ್ಯ ಹೊಸಬನನ್ನು ಎಸೆಯುವಾಗ ಅವನ ತೋಳನ್ನು ಕೊನೆಯವರೆಗೂ ಹಿಡಿದು ಬೀಳಿಸುತ್ತಾನಾ, ಅಥವಾ ಕೈಬಿಟ್ಟು ಬಿಸಾಡುತ್ತಾನಾ? ಬಿಸಾಡುವ ಜಾಗಕ್ಕೆ ಹೋಗಬೇಡಿ.

36 ಏನೂ ದೊಡ್ಡ ವಯಸ್ಸಲ್ಲ. ನಮ್ಮ ದೋಜೋದಲ್ಲಿ 70 ದಾಟಿದವರು ವಾರಕ್ಕೆ ಎರಡು ದಿನ ಬರುತ್ತಿದ್ದರು. ಮೊದಲ ಒಂದೆರಡು ತಿಂಗಳು 'ಉಕೆಮಿ' ಮಾತ್ರ ಸರಿಯಾಗಿ ಕಲಿಯಿರಿ, ಅಂದರೆ ಬೀಳುವುದು. ಗಲ್ಲ ಎದೆಗೆ ತಾಗಿಸಿ, ಬೆನ್ನು ದುಂಡಗೆ ಮಾಡಿ, ಅಂಗೈಯಿಂದ ಚಾಪೆಗೆ ಬಡಿದು ಬೀಳಬೇಕು. ಕಲಿತ ವಿದ್ಯೆ ನನಗೆ ದೋಜೋದ ಹೊರಗೆ ಉಪಯೋಗಕ್ಕೆ ಬಂದದ್ದು ಒಂದೇ ಸಲ. ಊರಿಗೆ ಬಂದಿದ್ದಾಗ ಮಳೆಗಾಲದಲ್ಲಿ ಮನೆಯ ಹಿತ್ತಲಲ್ಲಿ ಪಾಚಿ ಕಟ್ಟಿದ ಕಲ್ಲಿನ ಮೇಲೆ ಕಾಲು ಜಾರಿತು. ತಲೆ ಕಲ್ಲಿಗೆ ಬಡಿಯಬೇಕಿತ್ತು. ಗಲ್ಲ ತಾನಾಗಿ ಎದೆಗೆ ಬಂತು, ಕೈ ನೆಲಕ್ಕೆ ಬಡಿಯಿತು. ಅಂಗೈ ತರಚಿತು, ಅಷ್ಟೇ. ಅಮ್ಮ ಅಡುಗೆಮನೆಯಿಂದ ಓಡಿ ಬರುವಷ್ಟರಲ್ಲಿ ಎದ್ದು ನಿಂತಿದ್ದೆ.