ಐದು ಲೀಟರಿನ ಪೀಪಾಯಿ, ನಮ್ಮ ವಿಜಯಪುರದ ಬಿಸಿಲು

ಪ್ರಶ್ನೆ: ಸರ್, ನಮ್ಮದು ತಿಕೋಟಾ ಕಡೆ ದ್ರಾಕ್ಷಿ ತೋಟ. ಥಾಮ್ಸನ್ ತಳಿಯದೆಲ್ಲ ಮಣೂಕಕ್ಕೆ (ಒಣದ್ರಾಕ್ಷಿಗೆ) ಹೋಗುತ್ತದೆ. ಬದಿಗೆ ಸ್ವಲ್ಪ ಶರದ್ ಕರಿ ದ್ರಾಕ್ಷಿ ಇದೆ. ಅದರಿಂದ ಮನೆಮಟ್ಟಿಗೆ ವೈನ್ ಮಾಡಿ ಗಾಜಿನ ಜಾರ್‌ನಲ್ಲಿ ಇಟ್ಟಿದ್ದೇನೆ. ಆನ್‌ಲೈನ್‌ನಲ್ಲಿ 5 ಲೀಟರಿನ ಓಕ್ ಮರದ ಪೀಪಾಯಿ ನೋಡಿದೆ. ವೈನರಿಯವರ ಹಾಗೆ ಅದರಲ್ಲಿ ಒಂದು ವರ್ಷ ಇಡಬಹುದಾ?

ಉತ್ತರ: ವರ್ಷವಂತೂ ಬೇಡವೇ ಬೇಡ. ವೈನರಿಗಳಲ್ಲಿ ಸಾಮಾನ್ಯವಾಗಿ ಇರುವುದು 225 ಲೀಟರಿನ ಪೀಪಾಯಿ. ಪೀಪಾಯಿ ಚಿಕ್ಕದಾದಷ್ಟೂ ಒಂದೊಂದು ಲೀಟರಿಗೆ ತಾಗುವ ಮರ ಜಾಸ್ತಿ. ಅದೇ ಆಕಾರದ 5 ಲೀಟರಿನದರಲ್ಲಿ ಸುಮಾರು ಮೂರೂವರೆ ಪಟ್ಟು. ಹೊಸ ಓಕ್ ಕೆಲವೇ ವಾರಗಳಲ್ಲಿ ತನ್ನ ವಾಸನೆ, ಒಗರು ಎಲ್ಲ ಬಿಟ್ಟುಕೊಡುತ್ತದೆ. ವರ್ಷ ಬಿಟ್ಟರೆ ಬಡಗಿ ಅಂಗಡಿಯ ಹೊಟ್ಟು ನೆಕ್ಕಿದ ಹಾಗಿರುತ್ತದೆ ನೋಡ್ರಿ.

ಇನ್ನು ನಿಮ್ಮ ಹಣ್ಣು. ಶರದ್ ತಿನ್ನುವ ದ್ರಾಕ್ಷಿ, ಬೀಜ ಇಲ್ಲ. ಬೀಜದಿಂದ ಬರುವ ಒಗರು ಅದರ ವೈನ್‌ಗೆ ಸಿಗುವುದಿಲ್ಲ. ಇಂಥ ತೆಳು ವೈನ್ ಮೇಲೆ ಓಕ್ ಸುಲಭವಾಗಿ ಸವಾರಿ ಮಾಡುತ್ತದೆ. ಕ್ಯಾಬರ್ನೆ, ಶಿರಾಜ್‌ನಂಥ ವೈನ್ ದ್ರಾಕ್ಷಿಗಳಾದರೆ ತಡೆದುಕೊಂಡಾವು.

ದೊಡ್ಡ ತಲೆನೋವು ಬಿಸಿಲು. ಪೀಪಾಯಿಯ ಕೋಣೆ 15 ಡಿಗ್ರಿ ಆಸುಪಾಸಿನಲ್ಲಿದ್ದರೆ ಚೆಂದ. ನಮ್ಮಲ್ಲಿ ಏಪ್ರಿಲ್‌ನಲ್ಲಿ 40 ಮುಟ್ಟುತ್ತದೆ, ತಗಡಿನ ಶೆಡ್ ಒಳಗೆ ಕೇಳುವುದೇ ಬೇಡ. ಮರದೊಳಗಿಂದ ನೀರು, ಆಲ್ಕೋಹಾಲ್ ಎರಡೂ ಆರುತ್ತವೆ. ವೈನ್ ಇಳಿದಷ್ಟು ಜಾಗಕ್ಕೆ ಗಾಳಿ ಸೇರುತ್ತದೆ. ಗಾಳಿ, ಶೆಕೆ ಎರಡೂ ಸಿಕ್ಕರೆ ವಿನಿಗರ್ ಮಾಡುವ ಬ್ಯಾಕ್ಟೀರಿಯಾಕ್ಕೆ ಹಬ್ಬ. ಅದಕ್ಕೆ ಅದೇ ವೈನ್ ಒಂದೆರಡು ಬಾಟಲಿ ಬೇರೆ ತೆಗೆದಿಟ್ಟು, ವಾರಕ್ಕೊಮ್ಮೆ ಬಾಯಿಮಟ ತುಂಬಿಸಬೇಕು. ಚಿಕ್ಕ ಪೀಪಾಯಿಯಲ್ಲಿ ಒಂದು ಲೋಟ ಇಳಿದರೂ ಬಹಳವಾಯಿತು.

ಕೊಳ್ಳುವುದೇ ಆದರೆ ಒಳಗೆ ಮೇಣ, ವಾರ್ನಿಶ್ ಬಳಿದಿಲ್ಲ ಅಂತ ಕೇಳಿ. ಎಷ್ಟೋ ಬರೀ ಶೋಕಿಗೆ ಮಾಡಿದವು. ವಿಸ್ಕಿಗಾಗಿ ಒಳಗೆ ಕರಕಲಾಗುವಂತೆ ಸುಟ್ಟದ್ದೂ ಬೇಡ. ವೈನ್‌ಗೆ ಹದವಾಗಿ ಕಾಯಿಸಿದ್ದು ಸಾಕು. ಬಿಸಿನೀರು ತುಂಬಿಸಿ, ದಿನಾ ನೀರು ಬದಲಿಸುತ್ತಾ, ಸೋರುವುದು ನಿಲ್ಲುವವರೆಗೆ ನೆನೆಸಿ. ವೈನ್ ಹಾಕಿ ಒಂದು ವಾರಕ್ಕೇ ರುಚಿ ನೋಡಿ. ಸಾಕೆನಿಸಿದ ದಿನವೇ ಗಾಜಿಗೆ ತಿರುಗಿಸಿ.

ನನ್ನನ್ನು ಕೇಳಿದರೆ ಪೀಪಾಯಿಗಿಂತ ಓಕ್ ತುಂಡುಗಳು ಮೇಲು. ಲೀಟರಿಗೆ 2-3 ಗ್ರಾಂ ಜಾರ್‌ಗೆ ಹಾಕಿ, ಬೇಕಾದಾಗ ತೆಗೆಯಬಹುದು. ಪೀಪಾಯಿಯ ಮರದ ಮೂಲಕ ನಿಧಾನವಾಗಿ ಸೇರಿ ವೈನನ್ನು ಹದ ಮಾಡುವ ಗಾಳಿ ಇದರಲ್ಲಿ ಸಿಗದು, ನಿಜ. ನಮ್ಮ ಶೆಕೆಗೆ ಅದು ಸಿಗದಿದ್ದರೇ ಒಳ್ಳೆಯದು.

ಅಂದಹಾಗೆ, ಪರವಾನಗಿ ಇಲ್ಲದೆ ಒಂದು ಬಾಟಲಿಯನ್ನೂ ಮಾರುವಂತಿಲ್ಲ. ಮನೆಮಟ್ಟಿಗೇ ಆದರೂ ಒಮ್ಮೆ ಅಬಕಾರಿ ಕಚೇರಿಯಲ್ಲಿ ವಿಚಾರಿಸಿ.

ಪ್ರಶ್ನೆ: ನನ್ನ ಪೀಪಾಯಿಯ ವೈನ್ ಹುಳಿಯಾಗಿ ವಿನಿಗರ್ ಆಗಿದೆ. ತೊಳೆದು ಮತ್ತೆ ವೈನ್ ಹಾಕಬಹುದಾ? (ಇಂಡಿಯಿಂದ ಓದುಗರೊಬ್ಬರು)

ಉತ್ತರ: ಆಗುವುದಿಲ್ಲ. ಬ್ಯಾಕ್ಟೀರಿಯಾ ಮರದ ರಂಧ್ರಕ್ಕೆ ಇಳಿದಿರುತ್ತದೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಅದನ್ನು ವಿನಿಗರ್‌ಗೇ ಇಟ್ಟುಕೊಳ್ಳಿ. ಖಾಲಿ ಮಾತ್ರ ಬಿಡಬೇಡಿ, ಹಲಗೆ ಒಣಗಿ ಸಂದು ಬಿಡುತ್ತದೆ.