ಫ್ರಾಯ್ಡ್‌ನ ಮನೋವಿಶ್ಲೇಷಣೆಯನ್ನು ಈಗಲೂ ಯಾರಾದರೂ ಮಾಡ್ತಾರಾ? ಬರೀ ಮಾತಾಡಿದರೆ ಕಾಯಿಲೆ ವಾಸಿಯಾಗುತ್ತಾ?

ನಿಮ್ಮ ವಯಸ್ಸು 29, ಒಂದು ವರ್ಷದಿಂದ ಖಿನ್ನತೆಗೆ ಮಾತ್ರೆ ತಗೊಳ್ತಿದ್ದೀರಿ, ಈಗ ಡಾಕ್ಟರು ಚೀಟಿಯಲ್ಲಿ ‘ಸೈಕೋಡೈನಮಿಕ್ ಥೆರಪಿ’ ಅಂತ ಬರೆದುಕೊಟ್ಟಿದ್ದಾರೆ, ಹುಡುಕಿ ನೋಡಿದರೆ ಫ್ರಾಯ್ಡ್, ಸೋಫಾ, ಕಾಮ, ಕನಸು ಅಂತ ಏನೇನೋ ಬಂದು ಗಾಬರಿಯಾಗಿದೆ ಎಂದು ಬರೆದಿದ್ದೀರಿ. ನಾನು ವೈದ್ಯನಲ್ಲ, ಲೆಕ್ಕಪತ್ರ ಬರೆಯುವವನು. ಆದರೆ ಇದೇ ಚಿಕಿತ್ಸೆಗೆ ಬೆಂಗಳೂರಿನಲ್ಲಿ ವಾರಕ್ಕೆ ಎರಡು ಸಲದಂತೆ ಮೂರು ವರ್ಷ ಹೋದೆ. ಅದು ಮುಗಿದ ಮೇಲೆ ‘ಇಷ್ಟು ದಿನ ನನಗೆ ಮಾಡಿದ್ದಾದರೂ ಏನು’ ಎಂಬ ಕುತೂಹಲಕ್ಕೆ ಇದರ ಚರಿತ್ರೆಯನ್ನೂ ಓದಿಕೊಂಡೆ. ಹಾಗಾಗಿ ಎರಡನ್ನೂ ಬೆರೆಸಿಯೇ ಹೇಳುತ್ತೇನೆ.

ಮಾಡ್ತಾರಾ ಅಂದರೆ, ಮಾಡ್ತಾರೆ. ವಿಯೆನ್ನಾದ ವೈದ್ಯ ಸಿಗ್ಮಂಡ್ ಫ್ರಾಯ್ಡ್ ಶುರುಮಾಡಿದ ಅಪ್ಪಟ ಮನೋವಿಶ್ಲೇಷಣೆ ಎಂದರೆ ವಾರಕ್ಕೆ ಮೂರರಿಂದ ಐದು ದಿನ, ದಿನಕ್ಕೆ 45–50 ನಿಮಿಷ, ಮಲಗಿಕೊಂಡು ಬಾಯಿಗೆ ಬಂದದ್ದನ್ನೆಲ್ಲ ಸೋಸದೆ ಹೇಳುತ್ತಾ ಹೋಗುವುದು, ಅದೂ ವರ್ಷಗಟ್ಟಲೆ. ಅಷ್ಟು ಹೊತ್ತು ಮತ್ತು ದುಡ್ಡು ಇರುವವರು ಕಡಿಮೆ. (ಅರ್ಜೆಂಟೀನಾದವರು ಮಾತ್ರ ಇದನ್ನು ತುಂಬಾ ಹಚ್ಚಿಕೊಂಡಿದ್ದಾರೆ. ಬ್ಯೂನಸ್ ಐರಿಸ್‌ನಲ್ಲಿ ಇಂಥ ವೈದ್ಯರು ಕಿಕ್ಕಿರಿದಿರುವ ಒಂದು ಬಡಾವಣೆಗೆ ‘ವಿಲ್ಲಾ ಫ್ರಾಯ್ಡ್’ ಎಂಬ ಅಡ್ಡಹೆಸರೇ ಬಿದ್ದಿದೆ.) ನಿಮಗೆ ಬರೆದುಕೊಟ್ಟಿರುವುದು ಅದೇ ಬೇರಿನಿಂದ ಬಂದ, ಈ ಕಾಲಕ್ಕೆ ಹೊಂದುವ ಟಿಸಿಲು. ವಾರಕ್ಕೆ ಒಂದು ಅಥವಾ ಎರಡು ಸಲ, ಎರಡು ಕುರ್ಚಿ, ಒಂದು ಗೋಡೆ ಗಡಿಯಾರ. ಮೂರು ವರ್ಷದಲ್ಲಿ ನಾನು ಒಂದು ದಿನವೂ ಮಲಗಲಿಲ್ಲ.

ಸೋಫಾದ ಕತೆಯನ್ನೂ ಹೇಳಿಬಿಡುತ್ತೇನೆ. ವಿಯೆನ್ನಾದಲ್ಲಿ ಫ್ರಾಯ್ಡ್‌ಗೆ ಅದು ಸುಮಾರು 1890ರಲ್ಲಿ ಒಬ್ಬ ರೋಗಿಯಿಂದ ಬಂದ ಉಡುಗೊರೆ. ಮೊದಮೊದಲು ಅವನು ಸಮ್ಮೋಹನದ ಚಿಕಿತ್ಸೆ ಮಾಡುತ್ತಿದ್ದ, ಅದಕ್ಕೆ ರೋಗಿ ಮಲಗಬೇಕಿತ್ತು. ಸಮ್ಮೋಹನ ಬಿಟ್ಟರೂ ಸೋಫಾ ಉಳಿಯಿತು. ದಿನಕ್ಕೆ ಎಂಟು ಗಂಟೆ ಜನ ತನ್ನ ಮುಖವನ್ನೇ ದಿಟ್ಟಿಸುವುದು ತನ್ನಿಂದ ಸಹಿಸಲಾಗದು ಎಂದು 1913ರಲ್ಲಿ ಅವನೇ ಬರೆದುಕೊಂಡಿದ್ದಾನೆ. ಇಷ್ಟು ಪ್ರಾಮಾಣಿಕವಾದ ಕಾರಣವನ್ನು ನಾನು ಬೇರೆ ಯಾವ ವೈದ್ಯಶಾಸ್ತ್ರದಲ್ಲೂ ಓದಿಲ್ಲ. 1938ರಲ್ಲಿ ನಾಜಿಗಳ ಕಾಟಕ್ಕೆ ಅವನು ವಿಯೆನ್ನಾ ಬಿಟ್ಟಾಗ ಸೋಫಾ ಕೂಡ ಲಂಡನ್ನಿಗೆ ಹೋಯಿತು. ಅಲ್ಲಿನ ಅವನ ಮನೆ ಈಗ ಮ್ಯೂಸಿಯಂ.

ಇನ್ನು ‘ಬರೀ ಮಾತು’. ಈ ಆಕ್ಷೇಪ ಚಿಕಿತ್ಸೆಯಷ್ಟೇ ಹಳೆಯದು. 1880ರಲ್ಲಿ ವಿಯೆನ್ನಾದ ಯೋಸೆಫ್ ಬ್ರಾಯರ್ ಎಂಬ ವೈದ್ಯನ ಬಳಿ 21 ವರ್ಷದ ಹುಡುಗಿಯೊಬ್ಬಳು ಬಂದಳು. ಕಾಯಿಲೆ ಬಿದ್ದ ಅಪ್ಪನ ಶುಶ್ರೂಷೆ ಮಾಡುತ್ತಾ ಮಾಡುತ್ತಾ ಅವಳ ಬಲಗೈ ಸ್ವಾಧೀನ ತಪ್ಪಿತ್ತು, ಕೆಮ್ಮು ಹತ್ತಿತ್ತು. ಅದಕ್ಕಿಂತ ವಿಚಿತ್ರವೆಂದರೆ ತಾಯ್ನುಡಿಯಾದ ಜರ್ಮನ್ನೇ ಮರೆತುಹೋಗಿ ಇಂಗ್ಲಿಷಿನಲ್ಲಿ ಮಾತ್ರ ಮಾತಾಡುತ್ತಿದ್ದಳು. ಬ್ರಾಯರ್ ಅವಳನ್ನು ಮಾತಾಡಲು ಬಿಟ್ಟ. ಒಂದೊಂದು ತೊಂದರೆಯೂ ಮೊದಲು ಯಾವಾಗ ಶುರುವಾಯಿತೆಂದು ಅವಳು ಹೇಳಿಕೊಂಡಾಗ ಆ ತೊಂದರೆ ಸಡಿಲವಾಗುತ್ತಿತ್ತಂತೆ. ಇದಕ್ಕೆ ‘ಮಾತಿನ ಚಿಕಿತ್ಸೆ’ ಎಂದು ಹೆಸರಿಟ್ಟವಳು ಅವಳೇ, ಇಂಗ್ಲಿಷಿನಲ್ಲಿ. ತಮಾಷೆಗೆ ‘ಚಿಮಣಿ ಗುಡಿಸುವುದು’ ಎಂದೂ ಕರೆಯುತ್ತಿದ್ದಳು. 1895ರಲ್ಲಿ ಬ್ರಾಯರ್ ಮತ್ತು ಫ್ರಾಯ್ಡ್ ಸೇರಿ ಬರೆದ ಪುಸ್ತಕದಲ್ಲಿ ಅವಳು ‘ಆನ್ನಾ ಓ’ ಆದಳು. ನಿಜ ಹೆಸರು ಬರ್ತಾ ಪಾಪೆನ್‌ಹೈಮ್.

ಪುಸ್ತಕದಲ್ಲಿ ಅವಳು ಗುಣವಾದಳು ಎಂಬಂತೆ ಬರೆದಿದೆ. ಆಗಿರಲಿಲ್ಲ. 1882ರಲ್ಲಿ ಬ್ರಾಯರ್ ಚಿಕಿತ್ಸೆ ನಿಲ್ಲಿಸಿದ ಮೇಲೂ ಅವಳು ಸ್ವಿಟ್ಜರ್ಲೆಂಡಿನ ಒಂದು ಆರೋಗ್ಯಧಾಮಕ್ಕೆ ಸೇರಬೇಕಾಯಿತು. ಎಷ್ಟೋ ವರ್ಷ ಬಿಟ್ಟು ಚೇತರಿಸಿಕೊಂಡು, ಜರ್ಮನಿಯಲ್ಲಿ ಯಹೂದಿ ಹೆಣ್ಣುಮಕ್ಕಳ ಪರವಾಗಿ ದೊಡ್ಡ ಕೆಲಸ ಮಾಡಿದಳು. 1904ರಲ್ಲಿ ಯಹೂದಿ ಮಹಿಳೆಯರ ಒಕ್ಕೂಟ ಕಟ್ಟಿದ್ದು ಅವಳೇ. ಅಂದರೆ ಈ ಶಾಸ್ತ್ರದ ಮೊದಲ ಯಶಸ್ಸಿನ ಕತೆ ಅರ್ಧ ಸುಳ್ಳು. ಇದನ್ನು ಓದಿದಾಗ ನನಗೇನೂ ಬೇಸರವಾಗಲಿಲ್ಲ. ನಾನೂ ಮೊದಲ ಆರು ತಿಂಗಳು ಎಲ್ಲರಿಗೂ ‘ಈಗ ಪರವಾಗಿಲ್ಲ’ ಅಂತಲೇ ಹೇಳಿಕೊಂಡು ತಿರುಗುತ್ತಿದ್ದೆ.

ಫ್ರಾಯ್ಡ್ ಸೋತ ಇನ್ನೊಂದು ಪ್ರಕರಣ ಇದಕ್ಕಿಂತ ಮುಖ್ಯ. 1900ರಲ್ಲಿ ಅವನ ಬಳಿ 18ರ ಹುಡುಗಿಯೊಬ್ಬಳನ್ನು ಅವಳ ಅಪ್ಪ ಕರೆತಂದ. ಬರಹದಲ್ಲಿ ಅವಳ ಹೆಸರು ‘ಡೋರಾ’. ಕುಟುಂಬಕ್ಕೆ ಆಪ್ತನಾಗಿದ್ದ ಒಬ್ಬ ಗೃಹಸ್ಥ ಅವಳಿಗೆ 13–14 ವರ್ಷವಿದ್ದಾಗಿನಿಂದ ಅವಳ ಮೈಮೇಲೆ ಬೀಳುತ್ತಿದ್ದ. ಅವಳು ಹೇಳಿದರೆ ಅಪ್ಪ ನಂಬುತ್ತಿರಲಿಲ್ಲ, ಏಕೆಂದರೆ ಆ ಗೃಹಸ್ಥನ ಹೆಂಡತಿಯ ಜೊತೆ ಅಪ್ಪನಿಗೇ ಸಂಬಂಧವಿತ್ತು. ಹುಡುಗಿ ಹೇಳುತ್ತಿರುವುದು ನಿಜ ಎಂದು ಫ್ರಾಯ್ಡ್ ನಂಬಿದ, ಅದು ಅವನ ದೊಡ್ಡತನ. ಆದರೆ ‘ನಿನಗೆ ಒಳಗೊಳಗೆ ಅವನ ಮೇಲೆ ಆಸೆಯಿದೆ’ ಎಂದು ಪಟ್ಟು ಹಿಡಿದು ಕೂತ. ನನ್ನ ಮಟ್ಟಿಗೆ ಇದು ಕ್ಷಮಿಸುವಂಥ ತಪ್ಪಲ್ಲ. ಹನ್ನೊಂದು ವಾರ ಆದಮೇಲೆ, ವರ್ಷದ ಕೊನೆಯ ದಿನ, ಅವಳು ಇನ್ನು ಬರುವುದಿಲ್ಲ ಎಂದು ಹೇಳಿ ಎದ್ದು ಹೋದಳು. ಒಳ್ಳೆಯದು ಮಾಡಿದಳು.

ಅವನು ಆ ಸೋಲನ್ನು ಮುಚ್ಚಿಡಲಿಲ್ಲ. 1905ರಲ್ಲಿ ಅದನ್ನು ಪ್ರಕಟಿಸಿ, ತಾನು ಒಂದು ಸಂಗತಿಯನ್ನು ಸಕಾಲದಲ್ಲಿ ಗಮನಿಸಲಿಲ್ಲವೆಂದು ಒಪ್ಪಿಕೊಂಡ. ರೋಗಿಗಳು ತಮ್ಮ ಬದುಕಿನ ಹಳೆಯ ಜನರ ಮೇಲಿನ ಪ್ರೀತಿ, ಸಿಟ್ಟು, ಭಯಗಳನ್ನು ಗೊತ್ತಿಲ್ಲದೆಯೇ ವೈದ್ಯರ ಮೇಲೆ ಹೊರಿಸುತ್ತಾರೆ ಎಂಬ ಸಂಗತಿ ಅದು. ಇಂಗ್ಲಿಷಿನಲ್ಲಿ ಟ್ರಾನ್ಸ್‌ಫರೆನ್ಸ್. ಕನ್ನಡದಲ್ಲಿ ‘ವರ್ಗಾವಣೆ’ ಅಂದರೆ ಸರ್ಕಾರಿ ನೌಕರರ ಫಜೀತಿ ನೆನಪಾಗಿ ನಗು ಬರುತ್ತದೆ, ಆದರೆ ನನಗೆ ಆ ಪದವೇ ಸರಿ. ನಮ್ಮಪ್ಪ ಪ್ರೈಮರಿ ಶಾಲೆ ಮೇಷ್ಟ್ರು. ವರ್ಗವಾದಾಗಲೆಲ್ಲ ಹಳೆಯ ಊರಿನ ಪಾತ್ರೆಪಗಡ, ಹಾಸಿಗೆ, ಒರಳುಕಲ್ಲು ಸಮೇತ ಲಾರಿಗೆ ಹಾಕಿಕೊಂಡು ಹೊಸ ಊರಿಗೆ ಹೋಗುತ್ತಿದ್ದೆವು. ಮನೆ ಹೊಸದು, ಒಳಗಿನ ಸಾಮಾನೆಲ್ಲ ಹಳೆಯದು. ನೀವು ಥೆರಪಿಸ್ಟ್ ಕೋಣೆಗೆ ಹೋದಾಗ ಆಗುವುದೂ ಅದೇ.

ನನಗೆ ಹೇಗಾಯಿತು ಅಂತ ಹೇಳುತ್ತೇನೆ. ನನ್ನ ಥೆರಪಿಸ್ಟ್ ಒಬ್ಬರು ಮೇಡಂ, ಮನೆಮಾತು ತಮಿಳು, ಬೆಂಗಳೂರು ಕನ್ನಡ ಸಲೀಸಾಗಿ ಬರುತ್ತಿತ್ತು. ಆದರೂ ನಾನು ಅವರ ಜೊತೆ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದೆ. ಆಫೀಸಿನ ಅಭ್ಯಾಸ ಅಂದುಕೊಂಡಿದ್ದೆ. ಹತ್ತು ನಿಮಿಷ ಮುಂಚೆ ಹೋಗಿ ಕೂರುವುದು, ಕೂತ ತಕ್ಷಣ ಫೀಸು ಕೊಡುವುದು, ಕೆಮ್ಮಿದರೂ ಸಾರಿ ಕೇಳುವುದು. ಎಂಟನೇ ತಿಂಗಳಿನಲ್ಲಿ ಅವರು ಎರಡು ವಾರ ರಜೆ ಹೋಗುತ್ತೇನೆ ಅಂದರು. ‘ನೋ ಪ್ರಾಬ್ಲಂ ಮೇಡಂ’ ಅಂದೆ. ಅವರು ವಾಪಸು ಬಂದ ವಾರ ಎರಡೂ ಸೆಷನ್ನಿಗೆ ಹೋಗಲು ನಾನು ಮರೆತೇಬಿಟ್ಟೆ. ಲೆಕ್ಕಪತ್ರದವನು, ಜಿಎಸ್‌ಟಿ ಕಟ್ಟುವ ಕೊನೆಯ ದಿನಾಂಕ ಒಮ್ಮೆಯೂ ಮರೆತವನಲ್ಲ!

ಮುಂದಿನ ಸಲ ಹೋದಾಗ ಅವರು ಮೆಲ್ಲಗೆ ಕೇಳಿದರು, ನಾನು ರಜೆ ಹೋದದ್ದಕ್ಕೂ ನೀವು ಮರೆತದ್ದಕ್ಕೂ ಏನಾದರೂ ಸಂಬಂಧ ಇರಬಹುದಾ? ನನಗೆ ರೇಗಿಹೋಯಿತು. ಎಲ್ಲದಕ್ಕೂ ಅರ್ಥ ಹುಡುಕುವುದೇ ನಿಮ್ಮ ಕಸುಬು, ಆಫೀಸಲ್ಲಿ ಕೆಲಸ ಇತ್ತು ಅಂದೆ. ಅವರು ಸುಮ್ಮನಿದ್ದರು. ಆ ಮೌನದಲ್ಲಿ ಗಡಿಯಾರದ ಸದ್ದು ಕೇಳಿಕೊಂಡು ಕೂತೆ. ‘ಐ ವಾಸ್ ಅಪ್‌ಸೆಟ್’ ಅಂತ ಹೇಳಲು ಹೊರಟೆ, ಆ ಮಾತನ್ನು ತಿಂಗಳುಗಟ್ಟಲೆ ಹೇಳಿ ಸವೆಸಿಬಿಟ್ಟಿದ್ದೆ. ಅದು ಬಾಯಿಗೆ ಬರಲೇ ಇಲ್ಲ. ಬಂದದ್ದು, ‘ನಿಮ್ಮ ಮೇಲೆ ಮುನಿಸು ನನಗೆ.’

ಮುನಿಸು. ಬೀದಿಯಲ್ಲಿ ಹೋಗುವವರ ಮೇಲೆ ಸಿಟ್ಟು ಬರಬಹುದು, ಮುನಿಸು ಬರುವುದಿಲ್ಲ. ಅದಕ್ಕೆ ಹತ್ತಿರದವರೇ ಆಗಬೇಕು. ಅಪ್ಪನಿಗೆ ಒಂದು ದೂರದ ಊರಿಗೆ ವರ್ಗವಾದಾಗ ನನ್ನನ್ನು ಎರಡು ವರ್ಷ ಅಜ್ಜಿ ಮನೆಯಲ್ಲಿ ಬಿಟ್ಟಿದ್ದರು. ಬಸ್ಸು ಹತ್ತುವಾಗ ಅಪ್ಪ ಕೇಳಿದಾಗಲೂ ನಾನು ‘ಪರವಾಗಿಲ್ಲ’ ಅಂದಿದ್ದೆನಂತೆ. ಅಜ್ಜಿ ಅದನ್ನು ಮೆಚ್ಚಿ ಊರಿಗೆಲ್ಲ ಹೇಳುತ್ತಿದ್ದರು. ಈ ಕತೆ ನನಗೆ ಗೊತ್ತಿದ್ದದ್ದೇ. ಯಾವ ಗುಟ್ಟೂ ಸಿಡಿದು ಹೊರಬರಲಿಲ್ಲ, ಸಿನಿಮಾದಲ್ಲಿ ತೋರಿಸುವ ಹಾಗೆ ಗುಡುಗು ಮಿಂಚು ಏನೂ ಇಲ್ಲ. ಗೊತ್ತಿದ್ದ ಕತೆಯ ಒಳಗಿನ ಮುನಿಸು ಮಾತ್ರ ಆವತ್ತು ಮೊದಲ ಸಲ, ಬದುಕಿದ್ದ ಒಬ್ಬ ಮನುಷ್ಯರ ಎದುರು, ಕನ್ನಡದಲ್ಲಿ ಹೊರಬಂತು. ಅವರು ಮುನಿಸಿಕೊಳ್ಳಲಿಲ್ಲ, ಎದ್ದು ಹೋಗಲಿಲ್ಲ, ಗುರುವಾರ ಬನ್ನಿ ಅಂದರು. ಅಲ್ಲಿಂದ ಮುಂದೆ ಕನ್ನಡವೇ. ಬರ್ತಾ ಪಾಪೆನ್‌ಹೈಮ್ ಜರ್ಮನ್ ಮರೆತ ಸಂಗತಿಯನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಬಾಲ್ಕನಿಯಲ್ಲಿ ನಿಂತಿದ್ದೆ.

ನೀವು ಕೇಳಿದ ‘ಇದು ಯುರೋಪಿನವರದ್ದು, ನಮಗೆ ಹೊಂದುತ್ತಾ’ ಎಂಬ ಮಾತನ್ನು ನೂರು ವರ್ಷದ ಹಿಂದೆಯೇ ಒಬ್ಬರು ಫ್ರಾಯ್ಡ್‌ಗೇ ಬರೆದು ಕೇಳಿದ್ದರು. ಕಲ್ಕತ್ತೆಯ ವೈದ್ಯ ಗಿರೀಂದ್ರಶೇಖರ ಬೋಸ್. 1922ರಲ್ಲೇ ಅವರು ಕಲ್ಕತ್ತೆಯಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘ ಕಟ್ಟಿದರು. ಅದು ಇಂದಿಗೂ ಇದೆ. ಇಬ್ಬರೂ ಕೊನೆಯವರೆಗೂ ಭೇಟಿಯಾಗಲಿಲ್ಲ, ಪತ್ರದಲ್ಲೇ ಜಗಳ, ಗೌರವ ಎಲ್ಲ. ಗಂಡುಮಗುವಿಗೆ ತಾಯಿಯ ಮೇಲೆ ಆಸೆ, ಅಪ್ಪನ ಮೇಲೆ ಪೈಪೋಟಿ ಮತ್ತು ಭಯ ಇರುತ್ತದೆ ಎಂಬುದು ಫ್ರಾಯ್ಡ್‌ನ ವಾದ. ಅಪ್ಪ ತನ್ನ ಪುರುಷತ್ವಕ್ಕೆ ಕುತ್ತು ತರುತ್ತಾನೆಂಬ ಭಯ ನನ್ನ ಭಾರತೀಯ ರೋಗಿಗಳಲ್ಲಿ ನೀವು ಹೇಳುವಷ್ಟು ಕಾಣುವುದಿಲ್ಲ, ಹೆಣ್ಣಾಗಬೇಕೆಂಬ ಆಸೆ ಇಲ್ಲಿನ ಗಂಡಸರಲ್ಲಿ ಸುಲಭವಾಗಿ ಮೇಲೆ ಬರುತ್ತದೆ ಎಂದು ಬೋಸ್ 1929ರಲ್ಲಿ ಬರೆದರು. ಫ್ರಾಯ್ಡ್ ಪೂರ್ತಿ ಒಪ್ಪಲಿಲ್ಲ. ಆದರೂ 1931ರಲ್ಲಿ, ಅವನ 75ನೇ ಹುಟ್ಟುಹಬ್ಬಕ್ಕೆ ಕಲ್ಕತ್ತೆಯಿಂದ ಹೋದ ದಂತದ ವಿಷ್ಣು ವಿಗ್ರಹವನ್ನು ಮೇಜಿನ ಮೇಲೆ ಇಟ್ಟುಕೊಂಡ.

ನಮ್ಮ ಕಡೆಯ ಸಾಕ್ಷಿಯೂ ಒಂದಿದೆ. ಎ. ಕೆ. ರಾಮಾನುಜನ್ ಉತ್ತರ ಕರ್ನಾಟಕದಲ್ಲಿ ಒಬ್ಬ ಹೆಂಗಸಿನಿಂದ ಕೇಳಿ ಬರೆದುಕೊಂಡ ಕತೆ. ತನ್ನ ಮಗನನ್ನೇ ಮದುವೆಯಾಗುವ ಹಣೆಬರಹ ಹೊತ್ತು ಹುಟ್ಟಿದ ಹುಡುಗಿ ಕಾಡು ಸೇರುತ್ತಾಳೆ, ಒಂದು ಮಾವಿನ ಹಣ್ಣು ತಿಂದು ಬಸುರಾಗುತ್ತಾಳೆ, ಮಗುವನ್ನು ಸೀರೆಯ ತುಂಡಿನಲ್ಲಿ ಸುತ್ತಿ ಹೊಳೆಗೆ ಬಿಡುತ್ತಾಳೆ. ಅವನು ರಾಜನ ಮನೆಯಲ್ಲಿ ಬೆಳೆದು ಬೇಟೆಗೆ ಬಂದು ಅವಳನ್ನೇ ಮದುವೆಯಾಗುತ್ತಾನೆ. ಮುಂದೆ ಅವರಿಗೆ ಹುಟ್ಟಿದ ಕೂಸಿಗೆ ಹೊದಿಸಲು ಆ ಹಳೆಯ ಸೀರೆಯ ತುಂಡು ತಂದಾಗ ಅವಳಿಗೆ ಎಲ್ಲ ತಿಳಿಯುತ್ತದೆ. ಮಗನೂ ಮೊಮ್ಮಗನೂ ಗಂಡನ ತಮ್ಮನೂ ಆದ ಆ ಕೂಸಿಗೆ ಜೋಗುಳ ಹಾಡಿ ಮಲಗಿಸಿ, ಅವಳು ಅದೇ ರಾತ್ರಿ ಪ್ರಾಣ ಬಿಡುತ್ತಾಳೆ. ತಿಳಿಯದೆ ಅಪ್ಪನನ್ನು ಕೊಂದು ತಾಯಿಯನ್ನು ಮದುವೆಯಾದ ಗ್ರೀಕರ ಈಡಿಪಸ್‌ನ ಕತೆಯಲ್ಲಿ (ಫ್ರಾಯ್ಡ್ ತನ್ನ ವಾದಕ್ಕೆ ಹೆಸರು ತೆಗೆದುಕೊಂಡದ್ದು ಇದರಿಂದಲೇ) ಹುಡುಕುವವನು, ತಿಳಿಯುವವನು, ಕಣ್ಣು ಕಿತ್ತುಕೊಳ್ಳುವವನು ಎಲ್ಲ ಮಗ. ಇಲ್ಲಿ ಕತೆ ತಾಯಿಯದ್ದು, ಮಗನಿಗೆ ಏನೂ ಗೊತ್ತೇ ಇಲ್ಲ. ಇಂಥ ಕತೆ ಅಡುಗೆಮನೆಯಲ್ಲಿ ಮಕ್ಕಳಿಗೆ ಹೇಳುತ್ತಿದ್ದ ನಾಡಿಗೆ ಫ್ರಾಯ್ಡ್ ಹೊಸದೇನನ್ನೂ ತಂದು ಗಾಬರಿಪಡಿಸಲಾರ.

ಕೆಲಸ ಮಾಡುತ್ತದೆ ಅನ್ನುವುದಕ್ಕೆ ಪುರಾವೆ ಬೇಕಲ್ಲ. ಲಂಡನ್ನಿನ ಟ್ಯಾವಿಸ್ಟಾಕ್ ಕ್ಲಿನಿಕ್ಕಿನವರು ಬೇರೆ ಚಿಕಿತ್ಸೆಗಳಿಗೆ ಬಗ್ಗದ ಖಿನ್ನತೆಯಿದ್ದ 129 ಜನರ ಮೇಲೆ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಇಷ್ಟ, ಏಕೆಂದರೆ ಅದು ಬಡಾಯಿ ಕೊಚ್ಚುವುದಿಲ್ಲ. ಅರ್ಧ ಜನಕ್ಕೆ ಮಾಮೂಲಿ ಚಿಕಿತ್ಸೆ, ಉಳಿದವರಿಗೆ ಅದರ ಜೊತೆಗೆ 18 ತಿಂಗಳು ವಾರಕ್ಕೊಮ್ಮೆ ಮನೋವಿಶ್ಲೇಷಣೆಯ ಮಾದರಿಯ ಮಾತುಕತೆ. ಚಿಕಿತ್ಸೆ ಮುಗಿದಾಗ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಶುರುವಾಗಿ ಮೂರೂವರೆ ವರ್ಷಕ್ಕೆ ನೋಡಿದರೆ, ಭಾಗಶಃ ಚೇತರಿಸಿಕೊಂಡವರು ಮಾತಿನ ಗುಂಪಿನಲ್ಲಿ ಶೇ. 30, ಇನ್ನೊಂದರಲ್ಲಿ ಶೇ. 4.4. ಮಾತಿನ ಗುಂಪಿನಲ್ಲೂ ಪೂರ್ತಿ ಗುಣವಾದವರು ಶೇ. 15ರ ಆಸುಪಾಸು ಮಾತ್ರ. ಹಟಮಾರಿ ಕಾಯಿಲೆಗೆ ನಿಧಾನದ ಮದ್ದು, ಅಷ್ಟೇ.

ಎಲ್ಲದಕ್ಕೂ ಇದೇ ಮದ್ದು ಅಂತಲೂ ಅಲ್ಲ. ಪ್ಯಾನಿಕ್, ಗೀಳು ಕಾಯಿಲೆಗಳಿಗೆ ಸಾಮಾನ್ಯವಾಗಿ ಸಿಬಿಟಿಯನ್ನೇ, ಅಂದರೆ ಯೋಚನೆ ಮತ್ತು ನಡವಳಿಕೆಯ ಅಭ್ಯಾಸಗಳನ್ನು ತಿದ್ದುವ ಚಿಕಿತ್ಸೆಯನ್ನೇ, ಮೊದಲು ಸೂಚಿಸುತ್ತಾರೆ (ಅದರ ಜನಕ ಆರನ್ ಬೆಕ್ ಕೂಡ ಮನೋವಿಶ್ಲೇಷಣೆ ಕಲಿತು, ಅದರ ಜೊತೆ ಜಗಳವಾಡಿ ಹೊರಬಂದವರೇ). ಇಲ್ಲದ ದನಿ ಕೇಳಿಸುತ್ತಿದ್ದರೆ, ಉನ್ಮಾದದ ಸ್ಥಿತಿಯಿದ್ದರೆ ಮೊದಲು ಔಷಧಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ನಾನೂ ಮೊದಲ ಒಂದೂವರೆ ವರ್ಷ ಎರಡನ್ನೂ ಒಟ್ಟಿಗೇ ನಡೆಸಿದೆ. ಸಾಯುವ ಯೋಚನೆ ಬಂದರೆ ಮುಂದಿನ ಅಪಾಯಿಂಟ್‌ಮೆಂಟಿನವರೆಗೆ ಕಾಯದೆ 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಕನ್ನಡದಲ್ಲಿ ಮಾತಾಡಬಹುದು.

ಯಾರ ಬಳಿ ಹೋಗುವುದು ಎಂಬುದರಲ್ಲಿ ನಾನೊಮ್ಮೆ ಎಡವಿದ್ದೇನೆ. ಈ ಮೇಡಂಗಿಂತ ಮೊದಲು ಒಬ್ಬರ ಬಳಿ ನಾಲ್ಕು ಸಲ ಹೋಗಿದ್ದೆ. ಮೊದಲ ದಿನವೇ ನನ್ನ ಕನಸಿಗೆ ಅರ್ಥ ಹೇಳಿ, ಎರಡನೇ ದಿನ ‘ನಿಮ್ಮ ಸಮಸ್ಯೆ ನಿಮ್ಮ ತಾಯಿ’ ಅಂದರು. ಹಲ್ಲಿ ಶಕುನ ಹೇಳುವವರೂ ಅಷ್ಟು ಆತುರಪಡುವುದಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇದೆಯಾ ನೋಡಿ. ಈ ಪದ್ಧತಿಯಲ್ಲಿ ಎಲ್ಲಿ ತರಬೇತಿ ಪಡೆದರು, ತಾವೇ ಥೆರಪಿಗೆ ಒಳಗಾಗಿದ್ದಾರಾ ಎಂದು ಸಂಕೋಚವಿಲ್ಲದೆ ಕೇಳಿ. 1920ರಲ್ಲಿ ಬರ್ಲಿನ್ನಿನಲ್ಲಿ ಶುರುವಾದ ಚಿಕಿತ್ಸಾಲಯದ ಕಾಲದಿಂದಲೂ, ಕಲಿಯುವವರು ಮೊದಲು ತಾವೇ ರೋಗಿಯ ಜಾಗದಲ್ಲಿರಬೇಕು ಎಂಬ ಕಟ್ಟಳೆ ಈ ವಿದ್ಯೆಯಲ್ಲಿದೆ. ಆ ಪ್ರಶ್ನೆಗೆ ಮುಖ ಗಂಟಿಕ್ಕಿಕೊಳ್ಳುವವರಾದರೆ ಬೇರೆಯವರನ್ನು ನೋಡಿ.

ಮೊದಲ ಭೇಟಿಯಲ್ಲೇ ಇನ್ನೂ ಮೂರು ವಿಷಯ ಬಿಡಿಸಿಕೊಳ್ಳಿ. ಯಾವ ಭಾಷೆಯಲ್ಲಿ ಮಾತಾಡಬಹುದು, ಅವರು ರಜೆ ಹೋದಾಗ ನೀವು ಏನು ಮಾಡಬೇಕು, ನೀವು ತಪ್ಪಿಸಿಕೊಂಡ ದಿನಕ್ಕೆ ಫೀಸು ಉಂಟಾ. ನಮ್ಮ ಮೇಡಂ ತಗೊಳ್ಳುತ್ತಿದ್ದರು. ಮರೆತ ಆ ಎರಡು ಗಂಟೆಗಳಿಗೂ ಕೊಟ್ಟೆ, ಸ್ವಲ್ಪ ಗೊಣಗಿಕೊಂಡೇ.