ಊಟದ ಪ್ರೋಟೀನ್ ಬೇರೆ, ಗಡ್ಡೆಯೊಳಗಿನ ಪ್ರೋಟೀನ್ ಬೇರೆ

ಯಕೃತ್ತಿನ ಕ್ಯಾನ್ಸರ್ ಬೆಳೆಯುವುದೇ ಪ್ರೋಟೀನಿನಿಂದ ಎಂದು ಓದಿದ್ದೀರಿ, ತಂದೆಯವರ ಊಟದಲ್ಲಿ ಅದನ್ನು ನಿಲ್ಲಿಸಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ನಿಲ್ಲಿಸಬೇಡಿ. ನೀವು ಓದಿದ ಪ್ರೋಟೀನುಗಳು ತಟ್ಟೆಯಿಂದ ಬಂದವಲ್ಲ; ಜೀವಕೋಶ ತನ್ನೊಳಗೇ ತಯಾರಿಸಿಕೊಳ್ಳುವಂಥವು.

ಅವುಗಳಲ್ಲೊಂದಾದ ಬೀಟಾ-ಕ್ಯಾಟೆನಿನ್ ಅನ್ನೇ ನೋಡಿ. ಆರೋಗ್ಯವಂತ ಕೋಶದಲ್ಲಿ ಅದು ಹೆಚ್ಚಾದರೆ ಕೂಡಲೇ ಒಡೆದು ವಿಲೇವಾರಿಯಾಗುತ್ತದೆ. ಅದರ ಜೀನ್ ಕೆಟ್ಟರೆ ಒಡೆಯುವ ವ್ಯವಸ್ಥೆಯ ಕೈಗೆ ಅದು ಸಿಗುವುದಿಲ್ಲ; ಕೋಶಕೇಂದ್ರದೊಳಗೆ ನುಗ್ಗಿ, ವಿಭಜನೆಗೆ ಬೇಕಾದ ಜೀನ್‌ಗಳನ್ನು ಎಡೆಬಿಡದೆ ಚಾಲೂ ಇಡುತ್ತದೆ. ಈ ವಿಭಜನೆಗೆ ಲಗಾಮು ಹಿಡಿಯಬೇಕಾದ ಪಿ53 ಎಂಬ ಪ್ರೋಟೀನ್ ಕೂಡ ಹಾಳಾಗಿದ್ದರೆ ಹೇಳುವವರು ಕೇಳುವವರೇ ಇಲ್ಲ. ವಿಇಜಿಎಫ್ ಎಂಬ ಇನ್ನೊಂದು ಪ್ರೋಟೀನ್ ಗಡ್ಡೆಯತ್ತ ಹೊಸ ರಕ್ತನಾಳಗಳನ್ನು ಎಳೆದು ತರುತ್ತದೆ. ಬೆವಾಸಿಝುಮಾಬ್ ಎಂಬ ಕ್ಯಾನ್ಸರ್ ಔಷಧ ಕಟ್ಟಿಹಾಕುವುದು ಇದನ್ನೇ.

ಊಟದಲ್ಲಿ ಪ್ರೋಟೀನ್ ತಗ್ಗಿಸಿದರೆ ಸೊರಗುವುದು ಗಡ್ಡೆಯಲ್ಲ, ರೋಗಿಯ ಸ್ನಾಯು. ಅದು ನನಗೆ ನಿಜಕ್ಕೂ ಭಯ ಹುಟ್ಟಿಸುವ ವಿಷಯ. ಸಿರೋಸಿಸ್ (ಯಕೃತ್ತು ಕಲೆಗಟ್ಟಿ ಗಡುಸಾಗುವ ಕಾಯಿಲೆ) ಇರುವವರಿಗೂ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕೆಂಬುದು ಈಗಿನ ವೈದ್ಯಕೀಯ ಸಲಹೆ. ತಂದೆಯವರ ತೋಳು ತೆಳ್ಳಗಾಗಿದೆಯೇ, ಕುರ್ಚಿಯಿಂದ ಏಳುವಾಗ ಕೈಯೂರುತ್ತಿದ್ದಾರೆಯೇ ಗಮನಿಸಿ. ಹಾಗಿದ್ದರೆ ಮುಂದಿನ ತಪಾಸಣೆಯವರೆಗೆ ಕಾಯದೆ ಈಗಲೇ ವೈದ್ಯರಿಗೆ ತಿಳಿಸಿ.